ಮುಡಬಿಯ ಬಸ್ಸು ಹತ್ತಿದ ದೊಡ್ಡವ್ವ

ಹಸಿ ಸುಣ್ಣದ ವಾಸನೆ ಬಂದರೆ ಈಗಲೂ ನನಗೆ ದೊಡ್ಡವ್ವನ ನೆನಪಾಗುತ್ತದೆ.

ಅಪ್ಪ ಮತ್ತು ದೊಡ್ಡಪ್ಪ ಜಗಳವಾಡಿ ಬೇರೆಯಾದ ವರ್ಷ ನಾವು ಬಸವಕಲ್ಯಾಣದ ಮನೆ ಬಿಟ್ಟು ಹುಮನಾಬಾದಿನಲ್ಲಿ ಆಗಷ್ಟೇ ಸುಣ್ಣ ಬಳಿದಿದ್ದ ಬಾಡಿಗೆ ಮನೆಗೆ ಬಂದೆವು. ಸಾಮಾನು ಇಳಿಸಿದ ಅಪ್ಪ ಉಳಿದದ್ದನ್ನು ತರಲು ಅದೇ ಟೆಂಪೊದಲ್ಲಿ ಮರಳಿದ. ತುಂಬು ಬಸುರಿಯಾಗಿದ್ದ ಅವ್ವ ಗಂಟುಗಳ ನಡುವೆ ಗೋಡೆಗೆ ಒರಗಿ ಕೂತಳು. ಅವಳಿಗೆ ಏಳುವ ಶಕ್ತಿಯೂ ಇರಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ಬಾಗಿಲಲ್ಲಿ ಬಂದು ನಿಂತಳು.

“ಅಕ್ಕಾ, ಭಾವನೋರಿಗೆ ಗೊತ್ತಾದ್ರ ಹ್ಯಾಂಗ?” ಎಂದಳು ಅವ್ವ.

“ನೀ ಸುಮ್ನ ಮಕ್ಕೊ, ತಂಗಿ,” ಎಂದು ದೊಡ್ಡವ್ವ ಸೆರಗು ಸಿಕ್ಕಿಸಿದಳು.

ನೆಲದ ಮೇಲೆ ಬಿದ್ದಿದ್ದ ಸುಣ್ಣದ ಹನಿಗಳನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದಳು. ನೀರು ತುಂಬಿದಳು, ಪಾತ್ರೆ ಜೋಡಿಸಿದಳು, ಒಲೆ ಹಚ್ಚಿ ರೊಟ್ಟಿ ಬಡಿದಳು. ಆ ಸಪ್ಪಳಕ್ಕೂ ಅವ್ವನಿಗೆ ಎಚ್ಚರವಾಗಲಿಲ್ಲ.

ಸಂಜೆ ನಾನು ದೊಡ್ಡವ್ವನ ಜೊತೆ ಬಸ್‌ಸ್ಟ್ಯಾಂಡಿಗೆ ಹೋದೆ. ಅವಳು ಮುಡಬಿಯ ಬಸ್ಸಿನ ಕಡೆ ನಡೆದಳು.

“ದೊಡ್ಡವ್ವಾ, ಕಲ್ಯಾಣದ ಬಸ್ಸು ಅಲ್ಲಿ ನಿಂತದ,” ಎಂದೆ.

“ತವರಮನಿಗಿ ಹೊಂಟೀನಿ ಅಂತ ನಿಮ್ಮ ದೊಡ್ಡಪ್ಪಗ ಹೇಳಿ ಬಂದೀನಿ. ಮುಡಬಿಗಿ ಹೋಗಿ ನಮ್ಮವ್ವನ ಮಾರಿ ನೋಡೇ ಹೋಗ್ತೀನಿ. ಹೇಳಿದ್ದು ಸುಳ್ಳಾಗಬಾರ್ದು ನೋಡು.”

ಮನೆಗೆ ಬಂದಾಗ ಅವ್ವ ಎದ್ದು ಕೂತಿದ್ದಳು. ಈ ಮಾತನ್ನು ಅವಳಿಗೆ ಹೇಳಿದೆ. ಅವಳು ದೊಡ್ಡವ್ವ ಮಾಡಿಟ್ಟಿದ್ದ ಪುಂಡಿಪಲ್ಯ ಹಚ್ಚಿಕೊಂಡು ನಿಧಾನವಾಗಿ ಒಂದು ರೊಟ್ಟಿ ಉಂಡಳು, ಆಮೇಲೆ ಇನ್ನೊಂದು ಕೇಳಿದಳು. ಜಗಳ ಶುರುವಾದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅಂದೇ.