ಡೋಲು ಬಾರಿಸುವ ಕರಡಿ

ಆ ಮನುಷ್ಯ ಇವತ್ತೂ ಬಂದಿದ್ದ. ಟೀವಿ ನೋಡುತ್ತಿರಲಿಲ್ಲ. ಟೀವಿ ನೋಡುತ್ತ ನಿಂತ ಸಣ್ಣ ಹುಡುಗಿಯರ ಮುಖ ನೋಡುತ್ತಿದ್ದ.

ರವಿವಾರ ಬೆಳಿಗ್ಗೆ ಪುಣೆ ಕ್ಯಾಂಪಿನ ಆ ಟೀವಿ ಅಂಗಡಿಯ ಗಾಜಿಗೆ ಮಕ್ಕಳು ಮೂಗು ಒತ್ತಿ ನಿಲ್ಲುತ್ತಿದ್ದವು. ಒಳಗೆ ಸಾಲು ಟೀವಿಗಳಲ್ಲಿ ಒಂದೇ ಹಳೇ ಕಾರ್ಟೂನು. ಬೆಕ್ಕು ಪಿಟೀಲು ಕುಯ್ಯುತ್ತಿತ್ತು, ಆನೆ ತುತ್ತೂರಿ ಊದುತ್ತಿತ್ತು, ಕರಡಿ ಡೋಲು ಬಡಿಯುತ್ತಿತ್ತು. ಆ ಕ್ಯಾಸೆಟ್ಟನ್ನು ಹಳೇ ಬಜಾರಿನಲ್ಲಿ ಹುಡುಕಿ ತಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ನೀರಜಾ. ಗಿರಾಕಿ ಬರುತ್ತಾರೆ ಎಂದು ಮಾಲೀಕ ಶಿವಪ್ರಕಾಶನನ್ನು ಒಪ್ಪಿಸಿದ್ದಳು.

ಈ ಗರ್ದಿಯಲ್ಲಿ ಮಗು ಕಳೆದುಹೋಗಲು ಎಷ್ಟು ಹೊತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಮನುಷ್ಯ ಒಬ್ಬ ಹುಡುಗಿಯ ಗದ್ದ ಹಿಡಿದು ಮುಖ ತಿರುಗಿಸಿದ.

"ಸೇಠ್, ಅವನು ಮಕ್ಕಳ ಕಳ್ಳ," ನೀರಜಾ ಮರಾಠಿಯಲ್ಲಿ ಕೂಗಿದಳು. ಅವಳಿಗೆ ಬರುತ್ತಿದ್ದುದು ಅದೊಂದೇ ಭಾಷೆ. "ಪೊಲೀಸರಿಗೆ ಫೋನ್ ಮಾಡ್ತೀನಿ."

ಶಿವಪ್ರಕಾಶ ಹೊರಗೆ ನುಗ್ಗಿ ಅವನ ಕಾಲರ್ ಹಿಡಿದ. ಗಾಜಿನ ಬಾಗಿಲು ಹಿಂದೆ ಮುಚ್ಚಿಕೊಂಡಿತು.

"ಬಿಡ್ರೀ ಯಪ್ಪಾ. ನಾ ಅಂಬಾರಾಯ, ಗೌಂಡಿ ಕೆಲಸದಾಂವ, ಮನಿ ಕಟ್ಟಾಂವ."

ಕನ್ನಡ ಕೇಳಿ ಶಿವಪ್ರಕಾಶನ ಹಿಡಿತ ಸಡಿಲಾಯಿತು. ಅವನದೂ ಬಿಜಾಪುರದ ಕಡೆ.

"ಮಗಳನ್ನ ಇಲ್ಲೇ ಕಳಕೊಂಡೀನ್ರಿ. ಈ ಕರಡಿ ನೋಡ್ಕೋತ ನಿಂತಿದ್ಲು. ಅಕಿ ಕಣ್ಣಿಗಿ ಅದು ಕರಡಿ ಅಲ್ರೀ, ಅಕಿ ಕಾಕಾ. ನನ್ನ ತಮ್ಮ ಮಹಾಲಿಂಗ ಹಿಂಗೇ ಹಲಗಿ ಬಡೀತಿದ್ದ. ಟೀವಿಯಾಗ ಈ ಆಟ ಬಂದ್ ಆಗಿ ಭಾಳ ದಿನ ಆಗಿತ್ತು. ಮತ್ತ ಹಚ್ಚೀರಿ, ಅದಕ್ಕ ಬಂದೆ."

"ಯಾವಾಗ ಕಳಕೊಂಡಿ?"

"ಕಿಲ್ಲಾರಿ ಭೂಕಂಪ ಆದ ವರ್ಷ."

"ಖಬರ ಅದ ಏನೋ ನಿನಗ? ಹನ್ನೆರಡು ವರ್ಷ ಆತು. ಅಕಿ ಮದುವಿಗೆ ಬಂದಿರ್ತಾಳ. ಈ ಕೂಸುಗಳ ಮಾರಿ ಏನ್ ನೋಡ್ತಿ?"

ಅಂಬಾರಾಯ ಗಾಜಿನ ಮುಂದಿನ ಹುಡುಗಿಯರತ್ತ ನೋಡಿದ. ಅವನ ಕಣ್ಣಲ್ಲಿ ಮಗಳು ಒಂದು ಬೆರಳೂ ಬೆಳೆದಿರಲಿಲ್ಲ.

"ಹೌದಲ್ರೀ," ಎಂದ. "ಬೆಳದಾಕಿ ಕರಡಿ ನೋಡಾಕ ಯಾಕ ಬರ್ತಾಳ."

"ನಡಿ, ಪೊಲೀಸರು ಬರೋದ್ರಾಗ ಹೋಗು. ಮತ್ತ ಈ ಕಡೆ ಬರಬ್ಯಾಡ."

"ಇನ್ನ ಬರಂಗಿಲ್ರೀ."

ತಲೆಯೆತ್ತದೆ ಗರ್ದಿಯಲ್ಲಿ ಕರಗಿಹೋದ.

ಗಾಜಿನ ಒಳಗೆ, ಕಾರ್ಟೂನು ಬ್ಯಾಂಡಿನ ಗದ್ದಲದಲ್ಲಿ, ನೀರಜಾಗೆ ಅವರ ತುಟಿ ಅಲುಗಿದ್ದಷ್ಟೇ ಕಂಡಿತ್ತು. ಪೀಡೆ ತೊಲಗಿತೆಂದು ಅವಳು ಫೋನು ಕೆಳಗಿಟ್ಟಳು. ಬೆದರಿದ್ದ ಹುಡುಗಿಯನ್ನು ಒಳಗೆ ಕರೆದು ಟೀವಿ ಮುಂದೆ ಕೂರಿಸಿದಳು.

"ದೀದಿ, ಆ ಕರಡಿ ಹೆಸರೇನು?"

"ಮಹಾಲಿಂಗ ಕಾಕಾ," ಎಂದಳು ನೀರಜಾ. ಅನಾಥಾಶ್ರಮಕ್ಕೆ ಬಂದ ದಿನ ಅವಳಿಗೆ ನೆನಪಿದ್ದದ್ದು ಅದೊಂದೇ ಹೆಸರು.