ಅಂಗಾಲಿನ ತುರಿಕೆ

ಒಂದು ಮನೆಯ ಒಳಗಿನ ಮಾತನ್ನು ಹೀಗೆ ಹೊರಗೆ ತರುವುದು ಸರಿಯಲ್ಲವೇನೋ. ಅದರಲ್ಲೂ ಹೆಂಗಸರ ಬಸಿರಿನ ಮಾತು. ಹೇಳುವುದರಲ್ಲಿ ತಪ್ಪಿದ್ದರೆ ಕ್ಷಮೆ ಇರಲಿ. ಹೇಳದೆ ಬಿಟ್ಟರೆ ಅದು ಇನ್ನೂ ದೊಡ್ಡ ತಪ್ಪಾದೀತೆಂಬ ಅಂಜಿಕೆ.

ಎಂಟು ತಿಂಗಳ ಬಸುರಿ ಅಶ್ವಿನಿ ಹಿತ್ತಲ ಬಾಗಿಲ ಕಲ್ಲಿಗೆ ಅಂಗಾಲು ತಿಕ್ಕುತ್ತಿದ್ದಳು. ಒಂದು ಕಾಲು ಸಾಕಾದರೆ ಇನ್ನೊಂದು. ನಡುವೆ ಅಂಗೈಯನ್ನು ಸೆರಗಿನ ಅಂಚಿಗೆ ಉಜ್ಜುವಳು. ಮೈಮೇಲೆ ಒಂದು ಗುಳ್ಳೆಯಿಲ್ಲ, ಕೆಂಪಿಲ್ಲ. ಅತ್ತೆ ಗುರುಬಸಮ್ಮ ಬಗ್ಗಿ ನೋಡಿ, ಇದು ಹತ್ತಿಯ ನವೆ ಎಂದು ತೀರ್ಮಾನ ಕೊಟ್ಟರು. ಆಂಧ್ರದ ಗಡಿಯ ಹತ್ತಿ ಮಿಲ್ಲುಗಳ ಊರು ಆದವಾನಿಯಲ್ಲಿ ಯಾರಿಗೆ ಎಲ್ಲಿ ತುರಿಸಿದರೂ ಅದು ಹತ್ತಿಯದೇ. ಮಗ ರುದ್ರೇಶ ಜಿನ್ನಿಂಗ್ ಮಿಲ್ಲಿನಿಂದ ಮೈತುಂಬ ಎಳೆ ಹೊತ್ತು ಬರುತ್ತಾನೆ, ಅದನ್ನೇ ಹೆಂಡತಿಗೆ ಅಂಟಿಸಿದ್ದಾನೆ. ಅಂದಿನಿಂದ ಅವನು ಅಂಗಳದಲ್ಲೇ ಅಂಗಿ ಕಳಚಿ, ಮೈತೊಳೆದು ಒಳಗೆ ಬರಬೇಕಾಯಿತು. ಲಗ್ನದ ದಿನವೂ ತನಗೆ ಇಷ್ಟು ಸ್ನಾನ ಮಾಡಿಸಿರಲಿಲ್ಲ ಎಂದು ಗೊಣಗಿದ.

ಹಿರಿಯ ಸೊಸೆ ನಾಗಜ್ಯೋತಿ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. ಹನ್ನೊಂದು ವರ್ಷದ ಸಂಸಾರದಲ್ಲಿ ಮೂರು ಸಲ ಕರ್ನೂಲಿನ ಆಸ್ಪತ್ರೆಯಲ್ಲಿ ಹಾರ್ಮೋನಿನ ಸೂಜಿ ಚುಚ್ಚಿಸಿಕೊಂಡವಳು ಅವಳು. ಮೂರು ಸಲವೂ ಏನೂ ನಿಲ್ಲಲಿಲ್ಲ. ಮೈದುನನ ಹೆಂಡತಿ ಅಶ್ವಿನಿಯನ್ನು ಅದೇ ಆಸ್ಪತ್ರೆಗೆ ಕರೆದೊಯ್ದವಳೂ ಅವಳೇ. ದಿನಾ ಸಂಜೆ ಅಶ್ವಿನಿಯ ಹೊಟ್ಟೆಗೆ ಸೂಜಿ ಚುಚ್ಚಿದ್ದೂ ಅವಳೇ, ಕೈ ಪಳಗಿತ್ತಲ್ಲ. ಮೊದಲ ಸಲಕ್ಕೇ ಬಸಿರು ನಿಂತಿತು. ಸೂಜಿ ಹಿಡಿದ ಕೈ ಒಬ್ಬಳದು, ತುಂಬಿದ ಹೊಟ್ಟೆ ಇನ್ನೊಬ್ಬಳದು. ಸೋಮವಾರ ಅಶ್ವಿನಿಗೆ ಕುಪ್ಪಸದ ಶಾಸ್ತ್ರ, ಅಂದರೆ ಸೀಮಂತ. ಹಸಿರು ಬಳೆ ತೊಡಿಸಲು ಮಕ್ಕಳಾದವರನ್ನೇ ಕರೆದಿದ್ದೇನೆ, ನೀನು ಅಡುಗೆ ನೋಡಿಕೋ ಎಂದು ಅತ್ತೆ ಮೆತ್ತಗೆ ಹೇಳಿದ್ದರು.

ಆಸ್ಪತ್ರೆಯವರು ಬಸುರಿಯರಿಗೆಂದು ಕೊಟ್ಟಿದ್ದ ಗುಲಾಬಿ ಬಣ್ಣದ ಚೀಟಿ ತೆಲುಗಿನಲ್ಲಿತ್ತು. ಗಜೇಂದ್ರಗಡದಿಂದ ಬಂದ ಅಶ್ವಿನಿ ಅಕ್ಷರ ಕೂಡಿಸಿಕೊಂಡು ಓದಬಲ್ಲಳು, ಅರ್ಥ ಆಗದು. ಗಂಡನ ಕೈಲಿ ಓದಿಸಲು ನಾಚಿಕೆ. ಚೀಟಿ ತಂದು ತೆಲುಗು ಬಲ್ಲ ನಾಗಜ್ಯೋತಿಯ ಮುಂದೆ ಹಿಡಿದಳು.

"ಅಕ್ಕ, ಈ ತುರಿಕಿದು ಏನರ ಬರದಾರೇನು ನೋಡವಾ."

ನಾಗಜ್ಯೋತಿ ಹಿಟ್ಟಿನ ಕೈ ಒರೆಸಿಕೊಂಡು ಚೀಟಿ ತೆಗೆದುಕೊಂಡಳು. ಓದಬೇಕಾಗಿರಲಿಲ್ಲ. ಸೂಜಿ ಶುರುಮಾಡುವಾಗಲೇ ಕೊಡುವ ಆ ಚೀಟಿ ಮೂರು ಸಲವೂ ಅವಳಿಗೂ ಸಿಕ್ಕಿತ್ತು. ಮುಂದೆ ಬೇಕಾಗುತ್ತದೆಂದು ಬಾಯಿಪಾಠ ಮಾಡಿದ್ದಳು. ಏಳನೆಯ ಸಾಲು: ಗುಳ್ಳೆಯಿಲ್ಲದೆ ಅಂಗೈ ಅಂಗಾಲು ತುರಿಸಿದರೆ ಪಿತ್ತ ರಕ್ತದಲ್ಲಿ ಸೇರಿರಬಹುದು. ಹಾರ್ಮೋನಿನ ಚಿಕಿತ್ಸೆಯಿಂದ ಬಸುರಾದವರಲ್ಲಿ ಇದು ಹೆಚ್ಚು. ಹೊಟ್ಟೆಯಲ್ಲಿನ ಮಗುವಿಗೆ ಅಪಾಯ. ಅಂದೇ ಬನ್ನಿ.

"ಕಾಲು ಬಾತರ, ತಲಿ ನೋವು ಬಂದರ ಬರ್ರಿ ಅಂತ ಐತಿ," ಎಂದಳು. "ತುರಿಕಿದು ಏನಿಲ್ಲ."

"ನೀ ಸೂಜಿ ಹಾಕಿಸಿಕೊಂಡಾಗ ಹಿಂಗ ಆಗಿತ್ತೇನು?"

"ನನಗ ಅದೂ ಬರಲಿಲ್ಲ."

ಕೊನೆಯ ಮಾತೊಂದು ನಿಜ. ಆ ತುರಿಕೆಯಾದರೂ ತನಗೆ ಬಂದಿದ್ದರೆ ಎಂದು ಅವಳ ಹೊಟ್ಟೆ ಉರಿಯಿತು. ಬಂದಿದ್ದರೆ ತಾನೂ ಆ ಕಲ್ಲಿಗೆ ಕಾಲು ತಿಕ್ಕುತ್ತಿದ್ದಳು, ತನ್ನ ಗಂಡನೂ ಅಂಗಳದಲ್ಲಿ ಮೈತೊಳೆಯುತ್ತಿದ್ದ, ಅತ್ತೆ ತನಗೂ ಹೀಗೇ ಬಗ್ಗಿ ನೋಡುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು.

ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಅಶ್ವಿನಿಯ ಕಾಲಿಗೆ ಬೇವಿನೆಣ್ಣೆ ಹಚ್ಚುವ ಕೆಲಸವನ್ನು ಅತ್ತೆ ನಾಗಜ್ಯೋತಿಗೇ ಒಪ್ಪಿಸಿದರು. ಅಂಗಾಲೆಲ್ಲ ಉಗುರಿನ ಗೀರು. ಎಣ್ಣೆ ತಾಗಿದಲ್ಲಿ ಅಶ್ವಿನಿ ಹಲ್ಲು ಕಚ್ಚಿದಳು.

"ನಿನ್ನಿಯಿಂದ ಕೂಸು ಹೊಟ್ಟ್ಯಾಗ ಜಾಸ್ತಿ ಹೊಳ್ಳಾಡವಲ್ದು," ಎಂದಳು. "ಚೀಟ್ಯಾಗ ಏನಿಲ್ಲ ಅಂತ ನೀ ಅಂದ್ಯಲ್ಲಕ್ಕ, ಅದಕ್ಕ ನಾ ಅಂಜಿಲ್ಲ."

ನಾಗಜ್ಯೋತಿ ಎಣ್ಣೆಗೈಯಲ್ಲೇ ಎದ್ದು ಹೋಗಿ ರುದ್ರೇಶನಿಗೆ ಕಾರು ತೆಗೆಯಲು ಹೇಳಿದಳು. ನಾಳೆ ಕುಪ್ಪಸ ಇಟ್ಟುಕೊಂಡು ಬಸುರಿಯನ್ನು ಎಲ್ಲಿಗೆ ಕರೆದೊಯ್ಯುತ್ತೀ ಎಂದು ಗುರುಬಸಮ್ಮ ಬಾಗಿಲಿಗೆ ಅಡ್ಡ ನಿಂತರು.

"ಹತ್ತಿ ನವಿ ಅಂಗಾಲಿಗೆ ಬರಂಗಿಲ್ಲರಿ ಅತ್ತಿ. ದಾರಿ ಬಿಡ್ರಿ."

ಕರ್ನೂಲಿನಲ್ಲಿ ಡಾಕ್ಟರಮ್ಮ ಮೊದಲು ಮಗುವಿನ ಎದೆಬಡಿತ ಕೇಳಿಸಿಕೊಂಡರು, ನೆಟ್ಟಗಿತ್ತು. ರಕ್ತದಲ್ಲಿ ಮಾತ್ರ ಪಿತ್ತ ಏರಿತ್ತು. ಗುಳಿಗೆ ಬರೆದು, ಇನ್ನು ಇಲ್ಲೇ ಇರಲಿ, ಎರಡು ಮೂರು ವಾರ ಕಾದು ಹೆರಿಗೆ ಮಾಡಿಸೋಣ ಎಂದರು. ಎಷ್ಟು ದಿನದಿಂದ ತುರಿಕೆ ಎಂದು ಕೇಳಿದಾಗ ನಾಗಜ್ಯೋತಿ ಅಶ್ವಿನಿಯ ಕಡೆ ನೋಡಿದಳು. ಅಶ್ವಿನಿ ಮೂರು ಬೆರಳು ತೋರಿಸಿದಳು. ಚೀಟಿ ಕೊಟ್ಟಿದ್ದೆವಲ್ಲ, ಮನೆಯಲ್ಲಿ ಓದುವವರು ಯಾರೂ ಇಲ್ಲವೇ ಎಂದು ಡಾಕ್ಟರಮ್ಮ ಬೈದರು. ಅಶ್ವಿನಿ ಸೆರಗಿನ ಅಂಚಿಗೆ ಅಂಗೈ ಉಜ್ಜಿಕೊಂಡಳು.

ಸೋಮವಾರ ಬೆಳಿಗ್ಗೆ ನಾಗಜ್ಯೋತಿ ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದಳು. ಅಶ್ವಿನಿ ಚೀಟಿ ಬಿಡಿಸಿ, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಇಳಿದು ಬಂದಳು. ಏಳನೆಯದರ ಮೇಲೆ ಬೆರಳು ನಿಂತಿತು.

"ಅಕ್ಕ, ದುರದ ಅಂದ್ರ ಏನು?"

ಕೈಯಲ್ಲಿನ ತೊಳೆಯ ನಾರನ್ನು ಪೂರ್ತಿ ಬಿಡಿಸುವ ತನಕ ನಾಗಜ್ಯೋತಿ ತಲೆಯೆತ್ತಲಿಲ್ಲ.

"ತುರಿಕಿ," ಎಂದಳು.

ಅಶ್ವಿನಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟಳು. ಆಮೇಲೆ ಎಣ್ಣೆ ಹಚ್ಚೆಂದು ಎರಡೂ ಅಂಗೈ ಅವಳ ಮುಂದೆ ಚಾಚಿದಳು. ಆ ಪದದ ಅರ್ಥ ಅವಳಿಗೆ ಆಗಷ್ಟೇ ತಿಳಿಯಿತೋ, ಯಾರನ್ನೋ ಕೇಳಿ ಮೊದಲೇ ತಿಳಿದುಕೊಂಡಿದ್ದಳೋ, ಅದು ನಾಗಜ್ಯೋತಿಗೆ ಇವತ್ತಿಗೂ ಗೊತ್ತಿಲ್ಲ.