ಮೂರಕ್ಕೆ ಹತ್ತು ನಿಮಿಷ

ಎಲಿನೆಡ್ ಕೋಲೂರಿಕೊಂಡು ಚಾಪೆಲ್ಲಿನ ಹಿಂಬದಿಯ ಕೋಣೆಗೆ ಬಂದಾಗ ಗೋಡೆ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. ಅವಳ ತಂಗಿ ಡೆಲಿತ್ ಸೇರಿ ನಾವು ಹನ್ನೆರಡು ಜನ ಹೆಂಗಸರು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಒಬ್ಬರೂ ‘ಬಾ’ ಅನ್ನಲಿಲ್ಲ.

ಅನ್ನುವ ಹಾಗಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ತುಟಿ ಬಿಚ್ಚದೆ ಕೂತರೆ ಗಂಟೆಗಿಷ್ಟು ಎಂದು ಊರವರು ಚಂದಾ ಬರೆಸಿದ್ದರು. ಲಕ್ವ ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಟೀಚರಮ್ಮ ನಮ್ಮ ಕಣಿವೆಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ವಾರಕ್ಕೆರಡು ಸಲವಾದರೂ ಬರಬೇಕೆಂಬುದು ಡೆಲಿತ್ ಹಿಡಿದ ಹಟ. ಕೇಕ್ ಮಾರಾಟ ಬೇಡ, ಹಾಡುಗಾರಿಕೆ ಬೇಡ, ಒಂದು ದಿನ ನಾವೂ ಅವರ ಹಾಗೇ ಇದ್ದು ನೋಡೋಣ ಎಂದು ಮನೆಮನೆ ತಿರುಗಿ ಒಪ್ಪಿಸಿದವಳು ಅವಳೇ. ಅವಳೋ, ಮಾತಿನ ಮಲ್ಲಿ. ಮಾಂಸದಂಗಡಿಯ ಇಡ್ವಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

“ನೀನು ಆರು ಗಂಟೆ ಬಾಯಿ ಮುಚ್ಕೊಂಡಿದ್ರೆ ಊರೆಲ್ಲ ಕೊಟ್ಟಷ್ಟು ನಾನೊಬ್ನೇ ಕೊಡ್ತೀನಿ ಕಣಮ್ಮ. ಹನ್ನೆರಡು ಜನದಲ್ಲಿ ಯಾರೇ ಒಂದು ‘ಹೂಂ’ ಅಂದ್ರೂ ಬಿಡಿಗಾಸಿಲ್ಲ. ಕಾವಲಿಗೆ ನಾನ್ಯಾಕೆ ಕೂರ್ಲಿ, ಚಾಪೆಲ್ ಹೆಂಗಸ್ರು ಸುಳ್ಳು ಹೇಳಲ್ವಲ್ಲ.”

ಇದೆಲ್ಲ ಅಕ್ಕನಿಗಾಗಿ ಎಂದು ಡೆಲಿತ್ ಯಾರಿಗೂ ಹೇಳಿರಲಿಲ್ಲ. ನಮಗೆ ಗೊತ್ತಿತ್ತು. ತಾಯಿಯ ಮಣ್ಣಿಗೆ ಯಾವ ಹಾಡು ಹಾಡಬೇಕೆಂದು ಚಾಪೆಲ್ಲಿನ ಬಾಗಿಲಲ್ಲೇ ಜಗಳವಾಡಿ ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಹೋದ ಚಳಿಗಾಲ ಕೆಳಗಿನ ಪೇಟೆಯಲ್ಲಿದ್ದ ಎಲಿನೆಡ್‌ಗೆ ಲಕ್ವ ಹೊಡೆಯಿತು. ನೋಡಿಕೊಂಡು ಬಾರೇ ಎಂದರೆ, ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ಡೆಲಿತ್ ಅತ್ತಿದ್ದಳೇ ಹೊರತು ಬಸ್ಸು ಹತ್ತಲಿಲ್ಲ. ಚಂದಾ ಎತ್ತಲು ನಿಂತಳು.

ಎಲಿನೆಡ್ ತಂಗಿಯ ಮುಂದೆ ಬಂದು ನಿಂತಳು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. “ಡೆ...” ಎಂದಳು. ನಿಲ್ಲಿಸಿದಳು. ಹಣೆಯಲ್ಲಿ ಬೆವರೊಡೆಯಿತು. ನಾವು ಹನ್ನೊಂದು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

“ಡೆ... ಡೆಲಿತ್.”

ಡೆಲಿತ್ ಎದ್ದಳು. ಬಾಯಿ ತೆರೆದಳು. ನಮ್ಮೆಲ್ಲರ ಮುಖ ನೋಡಿ ಮುಚ್ಚಿಕೊಂಡಳು. ಒಂಬತ್ತು ವರ್ಷವೇ ಹೋಗಿದೆ, ಇನ್ನು ಹತ್ತು ನಿಮಿಷ ಎಷ್ಟರದು ಎಂದುಕೊಂಡಿರಬೇಕು. ಹತ್ತು ಬೆರಳು ಬಿಡಿಸಿ ತೋರಿಸಿ, ಗಡಿಯಾರದ ಕಡೆ ಕೈ ಮಾಡಿದಳು.

ನಮ್ಮೂರಿನಿಂದ ಕೊನೆಯ ಬಸ್ಸು ಮೂರಕ್ಕೆ. ಬಂದವರಿಗೆ ಗಡಿಯಾರ ತೋರಿಸಿದರೆ ನಮ್ಮಲ್ಲಿ ಒಂದೇ ಅರ್ಥ: ಹೊರಡಿ.

ಎಲಿನೆಡ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ತಲೆಯಾಡಿಸಿ ಹೊರಗೆ ಹೋದಳು. ಅರ್ಥವಾಯಿತು, ಹೊರಗಿನ ಬೆಂಚಿನ ಮೇಲೆ ಕಾಯುತ್ತಾಳೆ ಎಂದೇ ನಾವು ತಿಳಿದೆವು. ಡೆಲಿತ್ ಕಣ್ಣೊರೆಸಿಕೊಂಡು ನಗುತ್ತ ಕೂತಳು, ಮುಳ್ಳನ್ನೇ ನೋಡುತ್ತ.

ಮೂರು ಹೊಡೆದದ್ದೇ “ಅಕ್ಕಾ” ಎಂದು ಓಡಿದಳು. ಬೆಂಚು ಖಾಲಿ. ಬಸ್ಸು ಆಗಲೇ ಸೇತುವೆ ದಾಟುತ್ತಿತ್ತು.

‘ಇಂದು ಇಲ್ಲಿ ಮೌನ, ಮಾತಿಲ್ಲದವರಿಗಾಗಿ’ ಎಂದು ದಪ್ಪಕ್ಷರದಲ್ಲಿ ಬರೆದ ಹಾಳೆಯನ್ನು ಬಾಗಿಲಿಗೆ ಅಂಟಿಸಿದ್ದೆವು. ಸೆಕೆ ಎಂದು ನಾನೇ ಬಾಗಿಲನ್ನು ಪೂರ್ತಿ ತೆಗೆದು, ಇಟ್ಟಿಗೆ ಒತ್ತಿ ನಿಲ್ಲಿಸಿದ್ದೆ. ಹಾಳೆ ಗೋಡೆಯ ಕಡೆ ತಿರುಗಿತ್ತು. ಬಾಗಿಲ ಪಕ್ಕದ ಕುರ್ಚಿಯೂ ನನ್ನದೇ. ನಾನಾದರೂ ಒಂದು ಮಾತು ಆಡಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಕೂತರೂ ಹೋಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇಡ್ವಾಲ್ ಮಾತು ತಪ್ಪಲಿಲ್ಲ. ಟೀಚರಮ್ಮ ಈಗ ವಾರಕ್ಕೆರಡು ಸಲ ಬರುತ್ತಾಳೆ. ಡೆಲಿತ್ ಚಂದಾ ಎತ್ತುತ್ತಿರುವ ಸುದ್ದಿಯನ್ನು ಎಲಿನೆಡ್‌ಗೆ ಮುಟ್ಟಿಸಿದವಳೂ ಅವಳೇ. ಹೇಗೆ ಎತ್ತುತ್ತಾಳೆ ಎಂಬುದು ಮಾತ್ರ ಅವಳಿಗೂ ತಿಳಿದಿರಲಿಲ್ಲವಂತೆ. ಆ ಒಂದು ಹೆಸರು ಹೇಳಲು ಎಲಿನೆಡ್ ಆರು ವಾರ ಕಲಿತಳಂತೆ.

ಮೌನ ಕೂತ ಮಾರನೆಯ ದಿನ ಮೊದಲ ಬಸ್ಸಿಗೆ ಡೆಲಿತ್ ಜೊತೆ ನಾನೂ ಹೋದೆ. ಎಲಿನೆಡ್ ಬಾಗಿಲು ತೆಗೆದಳು, ಕುರ್ಚಿ ತೋರಿಸಿದಳು. ಡೆಲಿತ್ ಒಂಬತ್ತು ವರ್ಷದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದಳು: ಮೌನದ ವಿಷಯ, ಇಡ್ವಾಲ್‌ನ ಪಂಥ, ಬಾಗಿಲಿನ ಹಾಳೆ. ನೀನು ಹೇಳಿದ ಹಾಡೇ ಸರಿಯಾಗಿತ್ತು ಎಂದೂ ಒಪ್ಪಿಕೊಂಡಳು. ಕೊನೆಗೆ ಅಕ್ಕನ ಮೊಣಕಾಲ ಹತ್ತಿರ ಕೂತುಬಿಟ್ಟಳು.

“ಇನ್ನೊಂದು ಸಲ ನನ್ ಹೆಸರು ಕರಿ ಅಕ್ಕ. ಒಂದೇ ಸಲ.”

ಎಲಿನೆಡ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸ್ವಾಧೀನವಿದ್ದ ಎಡಗೈಯನ್ನು ನಿಧಾನವಾಗಿ ಎತ್ತಿ, ಗೋಡೆಯ ಗಡಿಯಾರವನ್ನು ತೋರಿಸಿದಳು.